ಮ್ಯಾನ್‌ಹಟನ್‌ಗೆ ಸಾಟಿಯಾಗಿದ್ದ ರೂನ್ ದ್ವೀಪದಲ್ಲಿ ನಾಲ್ಕು ದಿನ: ಜಾಯಿಕಾಯಿಯ ತವರು ಹೇಗಿದೆ?

ಹೊಳೆಬದಿ (ಶನಿವಾರ ರಾತ್ರಿ)

ಹೋದ ತಿಂಗಳು ಇಲ್ಲಿ ಅಡಿಕೆ ತೋಟದ ಉಪಬೆಳೆಗಳ ಮಾತು ಬಂದಾಗ "ಜಾಯಿಕಾಯಿ ನಮ್ಮ ಮಲೆನಾಡಿನದೇ ಗಿಡ" ಎಂದು ಕಸಿಕತ್ತಿಯವರು ಬರೆದಿದ್ದರು. ಆಗ ಸುಮ್ಮನಿದ್ದೆ. ಈಗ ಅದರ ತವರುಮನೆಯನ್ನು ಕಣ್ಣಾರೆ ನೋಡಿ ಬಂದಿದ್ದೇನೆ, ಇನ್ನು ಸುಮ್ಮನಿರುವುದು ಕಷ್ಟ.

ನಾನು ಶಿರಸಿ ಕಡೆಯವನು. ಕೆಲಸಕ್ಕಾಗಿ ಕೆಲವು ವರ್ಷಗಳಿಂದ ಇಂಡೊನೇಷ್ಯಾದ ಸುರಬಾಯಾದಲ್ಲಿದ್ದೇನೆ. ಊರಿನಲ್ಲಿ ಅಪ್ಪನ ತೋಟದಲ್ಲಿ ಹದಿನೆಂಟು ಜಾಯಿಕಾಯಿ ಮರಗಳಿವೆ. "ಅಷ್ಟು ಹತ್ತಿರದಲ್ಲಿದ್ದೀಯ, ಅದರ ಮೂಲ ನೋಡಿಕೊಂಡು ಬಾ" ಎಂದು ಅಪ್ಪ ಫೋನಿನಲ್ಲಿ ಹೇಳುತ್ತಲೇ ಇದ್ದರು. ಆ ಹತ್ತಿರ ಎಂಥದ್ದೆಂದರೆ, ಸುರಬಾಯಾದಿಂದ ಆಂಬೊನ್‌ಗೆ ವಿಮಾನ, ಅಲ್ಲಿಂದ ಬಾಂಡಾ ನೈರಾ ದ್ವೀಪಕ್ಕೆ ರಾತ್ರಿಯಿಡೀ ಹಡಗು, ನೈರಾದಿಂದ ಮರದ ದೋಣಿ. ಹಡಗು ದಿನವೂ ಇರುವುದಿಲ್ಲ. ಗಾಳಿ ಎದ್ದರೆ ದೋಣಿಯೂ ಇಲ್ಲ. ನೈರಾದಲ್ಲಿ ಒಂದು ದಿನ ಸುಮ್ಮನೆ ಕುಳಿತು, ಎದುರಿನ ಗುನುಂಗ್ ಆಪಿ ಎಂಬ ಜ್ವಾಲಾಮುಖಿಯನ್ನು ನೋಡುತ್ತ ಕಳೆದೆ. 1988ರಲ್ಲಿ ಕೆಂಡ ಉಗುಳಿದ್ದ ಬೆಟ್ಟ ಅದು. ಈಗ ಒಳ್ಳೆಯ ಮಗುವಿನಂತೆ ಮಲಗಿದೆ.

ಬಾಂಡಾ ಎಂದರೆ ಹತ್ತು ಹನ್ನೊಂದು ಪುಟ್ಟ ದ್ವೀಪಗಳ ಗುಂಪು. ಅದರ ಪಡುವಣ ತುದಿಯಲ್ಲಿರುವುದು ರೂನ್. ಉದ್ದ ಸುಮಾರು ಮೂರು ಕಿಲೋಮೀಟರ್, ಅಗಲ ಒಂದಕ್ಕಿಂತಲೂ ಕಡಿಮೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಇಡೀ ದೇಶ ಸುತ್ತಿ ಬರಬಹುದು. ಊರು ಸಮುದ್ರದ ದಡದಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ತಗಡಿನ ಮಾಡು, ಬಣ್ಣ ಬಳಿದ ಸಿಮೆಂಟಿನ ಗೋಡೆ, ಮಸೀದಿ, ಶಾಲೆ, ನಾಲ್ಕಾರು ಗೂಡಂಗಡಿ. ಕಾರು ಓಡುವಂಥ ರಸ್ತೆಯೇ ಇಲ್ಲ. ಮನೆಗಳ ಸಾಲು ಮುಗಿದ ಕೂಡಲೇ ಕಾಡು. ಕಾಡು ಎಂದುಕೊಂಡು ಒಳಗೆ ಹೋದರೆ ಅದು ತೋಟ.

ನಾನು ಉಳಿದದ್ದು ಒಂದು ಮನೆಯಲ್ಲಿ. ಆ ಮನೆಯ ಯಜಮಾನಿತಿಯನ್ನು ಎಲ್ಲರೂ ಇಬು ಎನ್ನುತ್ತಿದ್ದರು. ನಮ್ಮಲ್ಲಿ ಪರಿಚಯವಿಲ್ಲದ ಹೆಂಗಸರನ್ನು ಅಮ್ಮ ಎನ್ನುವ ಹಾಗೆ. ಮೊದಲ ಸಂಜೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ನಮ್ಮ ಮನೆಯ ಅಬ್ಬಿ ನೀರಿನ ಅಭ್ಯಾಸದಲ್ಲಿ ಚೊಂಬು ಚೊಂಬಾಗಿ ಸುರಿದುಕೊಂಡೆ. ಹೊರಗೆ ಬಂದಾಗ ಇಬು ಏನೂ ಹೇಳಲಿಲ್ಲ. ತೊಟ್ಟಿಯೊಳಗೆ ಒಮ್ಮೆ ಇಣುಕಿದರು, ಅಷ್ಟೆ. ಆಮೇಲೆ ಅವರ ಮಗ ವಿವರಿಸಿದ: ಈ ದ್ವೀಪದಲ್ಲಿ ಹೊಳೆಯಿಲ್ಲ, ಒರತೆಯಿಲ್ಲ. ಹವಳದ ಸುಣ್ಣಕಲ್ಲು ಸಮುದ್ರದಿಂದ ಮೇಲೆದ್ದು ಆದ ನೆಲ, ಬಿದ್ದ ಮಳೆ ಅದರೊಳಗೆ ಇಳಿದು ಹೋಗುತ್ತದೆ. ಮಾಡಿನ ಮೇಲೆ ಬಿದ್ದ ನೀರನ್ನು ತೊಟ್ಟಿಗೆ ಹಿಡಿದುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ನಾನು ಒಂದೇ ಸಂಜೆಗೆ ಆ ಮನೆಯ ಎಷ್ಟು ದಿನದ ನೀರು ಖಾಲಿ ಮಾಡಿದೆನೋ, ಕೇಳುವ ಮುಖ ನನಗಿರಲಿಲ್ಲ. ಮಾರನೆಯ ದಿನದಿಂದ ಸಮುದ್ರದಲ್ಲಿ ಮಿಂದು, ಕೊನೆಗೆ ಎರಡು ಚೊಂಬು ಸಿಹಿನೀರು.

ಈ ನೀರಿಲ್ಲದ ದಿಬ್ಬಕ್ಕಾಗಿ ಇಂಗ್ಲಿಷರು ಮತ್ತು ಡಚ್ಚರು ಅರ್ಧ ಶತಮಾನ ಕಾದಾಡಿದರು. ಕೊನೆಗೆ 1667ರಲ್ಲಿ ಇಂಗ್ಲಿಷರು ರೂನ್ ಬಿಟ್ಟುಕೊಟ್ಟು ಮ್ಯಾನ್‌ಹಟನ್ ಇಟ್ಟುಕೊಂಡರು. ಹೌದು, ಇಂದಿನ ನ್ಯೂಯಾರ್ಕ್.

ಬಾಂಡಾದ ಮಣ್ಣಿನಲ್ಲಿ ಬಿಟ್ಟರೆ ಜಾಯಿಕಾಯಿ ಆಗ ಬೇರೆಲ್ಲೂ ವ್ಯಾಪಾರಕ್ಕೆ ಸಿಗುತ್ತಿರಲಿಲ್ಲ ಎಂಬುದಷ್ಟೇ ಕಾರಣ. ನಾಳೆ ತೋಟದ ಬಗ್ಗೆ ಬರೆಯುತ್ತೇನೆ. ಇಂದು ಕಣ್ಣು ಎಳೆಯುತ್ತಿದೆ.

ಕಸಿಕತ್ತಿ (ಭಾನುವಾರ ಬೆಳಿಗ್ಗೆ)

ತಮ್ಮ, ನನ್ನ ಹೆಸರು ಹಿಡಿದೇ ಶುರು ಮಾಡಿದ್ದೀಯ, ಸಂತೋಷ. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಜಾಯಿಕಾಯಿಯ ದಾಯಾದಿಗಳು ನಮ್ಮಲ್ಲಿ ಮೊದಲಿನಿಂದಲೂ ಇದ್ದಾರೆ. ರಾಮಪತ್ರೆ ಯಾರದು? ಸಿದ್ದಾಪುರ, ಹೊನ್ನಾವರದ ಘಟ್ಟದಲ್ಲಿ ಕತ್ತಲೆಕಾನಿನ ಜೌಗಿಗೆ ಹೋಗಿ ನೋಡು, ನೀರಿನೊಳಗೆ ಬೇರು ಮಂಡಿಯೂರಿ ನಿಂತ ಮರಗಳೆಲ್ಲ ಅದೇ ಕುಲದವು. ಹಣ್ಣು ಒಡೆದರೆ ಒಳಗೆ ಬೀಜವನ್ನು ಸುತ್ತಿಕೊಂಡ ಅದೇ ಕೆಂಪು ಪತ್ರೆ. ಪರಿಮಳ ಮಾತ್ರ ಇಲ್ಲ. ಪರಿಮಳ ಇದ್ದಿದ್ದರೆ ಡಚ್ಚರು ನಮ್ಮ ಮನೆ ಅಂಗಳಕ್ಕೂ ಬರುತ್ತಿದ್ದರು, ಅದು ದೇವರ ದಯೆ. ಇಂದಿಗೂ ಕೆಲವರು ಜಾಪತ್ರೆಯೊಳಗೆ ರಾಮಪತ್ರೆ ಬೆರೆಸಿ ಮಾರುತ್ತಾರೆ, ಅದು ಬೇರೆ ಮಾತು.

ಇತಿಹಾಸ ಇರಲಿ. ನನಗೆ ಬೇಕಾದದ್ದು ಇಷ್ಟು. ಒಂದು, ಅಲ್ಲಿ ನೆರಳಿಗೆ ಏನಿದೆ? ಎರಡು, ಗಂಡು ಮರ ಎಷ್ಟು ಬಿಡುತ್ತಾರೆ? ಮೂರು, ಪತ್ರೆ ಒಣಗಿಸುವುದು ಹೇಗೆ? ನಮ್ಮ ಗೋಳು ನಿನಗೆ ಗೊತ್ತು, ಕಾಯಿ ಒಡೆಯುವುದು ಸರಿಯಾಗಿ ಆಷಾಢದ ಮಳೆಯಲ್ಲಿ. ಹೊಗೆಅಟ್ಟದ ಮೇಲೆ ಹಾಕಿದರೆ ಬಣ್ಣ ಕಪ್ಪು, ಹಾಕದಿದ್ದರೆ ಬೂಸಲು.

ಹಳೆಪಟ (ಭಾನುವಾರ ಮಧ್ಯಾಹ್ನ)

ಹೊಳೆಬದಿಯವರ ಬರಹ ಚೆನ್ನಾಗಿದೆ. ಆದರೆ ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಹೇಳಿದವನಿಗೆ ಒಂದು ವಾಕ್ಯ ಗಂಟಲಲ್ಲಿ ಸಿಕ್ಕಿಕೊಂಡಿತು. "ರೂನ್ ಬಿಟ್ಟುಕೊಟ್ಟು ಮ್ಯಾನ್‌ಹಟನ್ ಇಟ್ಟುಕೊಂಡರು" ಎಂದರೆ ಸಂತೆಯಲ್ಲಿ ಎಮ್ಮೆ ಕೊಟ್ಟು ಎತ್ತು ಕೊಂಡ ಹಾಗೆ ಕೇಳಿಸುತ್ತದೆ. ನಡೆದದ್ದು ಹಾಗಲ್ಲ.

ಮ್ಯಾನ್‌ಹಟನ್‌ನಲ್ಲಿದ್ದ ಡಚ್ ಪಟ್ಟಣ ನ್ಯೂ ಆಮ್‌ಸ್ಟರ್‌ಡ್ಯಾಮನ್ನು ಇಂಗ್ಲಿಷರು 1664ರಲ್ಲೇ ಹಿಡಿದಿದ್ದರು. 1667ರ ಆರಂಭದಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್ ಡಚ್ಚರ ವಶವಾಯಿತು. ರೂನ್ ಕೂಡ ಆಗ ಡಚ್ಚರ ಕೈಯಲ್ಲೇ ಇತ್ತು. ಅದೇ ವರ್ಷ ಜುಲೈ 31ರಂದು ಬ್ರೆಡಾ ಎಂಬ ಊರಿನಲ್ಲಿ ಒಪ್ಪಂದವಾದಾಗ ಒಪ್ಪಿದ ಸೂತ್ರ ಒಂದೇ: ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೆ. ಅಲ್ಲಿಗೆ ರೂನ್ ಮೇಲೆ ಇಂಗ್ಲಿಷರು ಹೂಡಿದ್ದ ಹಕ್ಕು ಮುಗಿಯಿತು, ಮ್ಯಾನ್‌ಹಟನ್ ಮೇಲೆ ಡಚ್ಚರದ್ದೂ ಮುಗಿಯಿತು. ಅದೂ ಪೂರ್ತಿ ಮುಗಿಯಲಿಲ್ಲ. 1673ರಲ್ಲಿ ಡಚ್ಚರು ನ್ಯೂಯಾರ್ಕನ್ನು ಮತ್ತೆ ಹಿಡಿದು, ಮರುವರ್ಷ ವೆಸ್ಟ್‌ಮಿನ್‌ಸ್ಟರ್ ಒಪ್ಪಂದದಲ್ಲಿ ಹಿಂದಿರುಗಿಸಿದರು. ನಿಜವಾಗಿ ಕೊಟ್ಟದ್ದು ಎಂದರೆ ಅದು.

ಒಂದಕ್ಕೊಂದು ಅದಲುಬದಲು ಎನ್ನುವುದು ಪ್ರವಾಸಿಗರಿಗೆ ಹೇಳಲು ಹಿತವಾದ ಕತೆ. ಆ ಕತೆಯಲ್ಲಿ ಇಬ್ಬರು ವ್ಯಾಪಾರಿಗಳಷ್ಟೇ ಇರುತ್ತಾರೆ, ದ್ವೀಪದ ಜನ ಇರುವುದೇ ಇಲ್ಲ. ನನ್ನ ತಕರಾರು ಅದು.

ಹೊಳೆಬದಿ (ಭಾನುವಾರ ರಾತ್ರಿ)

ಮೇಷ್ಟರೇ, ತಪ್ಪೊಪ್ಪಿಗೆ. ಆದರೆ ಆ ಅದಲುಬದಲಿನ ಕತೆಯನ್ನು ನನಗೆ ಮೊದಲು ಹೇಳಿದ್ದು ರೂನಿನ ಹುಡುಗರೇ. ದೋಣಿಯಿಂದ ಇಳಿಯುತ್ತಿದ್ದಂತೆ ಒಬ್ಬ "ಮ್ಯಾನ್‌ಹಟನ್‌ಗೆ ಸ್ವಾಗತ" ಎಂದ. ಅದನ್ನು ಎಲ್ಲ ಹೊರಗಿನವರಿಗೂ ಹೇಳಿ ನಗಿಸುವುದು ಅವರಿಗೆ ರೂಢಿಯಾಗಿದೆ. ನನಗೂ ನಗು ಬಂತು. ಸಂಜೆ ಕತ್ತಲಾದ ಮೇಲೆ ಊರಿನ ಜನರೇಟರ್ ಕೆಲವು ಗಂಟೆ ಓಡಿ ನಿಂತಾಗ ಅದೇ ಹುಡುಗ "ಮ್ಯಾನ್‌ಹಟನ್ ಮಲಗಿತು" ಎಂದ. ಆಗ ನಗು ಬರಲಿಲ್ಲ.

ಕಸಿಕತ್ತಿಯವರೇ, ನಿಮ್ಮ ಪ್ರಶ್ನೆಗಳು.

ನೆರಳಿಗೆ ಇರುವುದು ಕೆನಾರಿ ಮರ. ನಮ್ಮ ಊರಿನ ಹೆಬ್ಬಲಸು ನೆನಪಾಗುವಷ್ಟು ಎತ್ತರ, ಬುಡದಲ್ಲಿ ಹಲಗೆಯಂತೆ ಚಾಚಿದ ಬೇರು. ಅದರ ಕಾಯಿಯೊಳಗೆ ಬಾದಾಮಿಯಂಥ ಬೀಜ, ತಿನ್ನಲು ಸೊಗಸು. ಬದನೆಕಾಯಿಯ ಮೇಲೆ ಅರೆದ ಕೆನಾರಿಯ ಗೊಜ್ಜು ಹಾಕಿ ಕೊಟ್ಟರು, ಮೂರು ಸಲ ಬಡಿಸಿಕೊಂಡೆ. ಕೆನಾರಿ ಮೇಲೆ, ಜಾಯಿಕಾಯಿ ಅದರ ಕೆಳಗೆ. ನಮ್ಮಲ್ಲಿ ಅಡಿಕೆಯ ಕೆಳಗೆ ಇದ್ದ ಹಾಗೆ, ಆದರೆ ಸಾಲು ಇಲ್ಲ, ಅಳತೆ ಇಲ್ಲ, ನೀರು ಬಸಿಯುವ ಕಪ್ಪು ಇಲ್ಲ. ಗಾಳಿಯ ಹೊಡೆತವನ್ನೂ ಕೆನಾರಿಯೇ ತಡೆದುಕೊಳ್ಳುತ್ತದೆ. ಸಮುದ್ರದ ನಡುವೆ ಅದು ಸಣ್ಣ ಸಂಗತಿಯಲ್ಲ.

ಗಂಡು ಹೆಣ್ಣಿನ ಗೋಳು ಅಲ್ಲೂ ಅದೇ. ಬೀಜದಿಂದ ಎದ್ದ ಗಿಡ ಗಂಡೋ ಹೆಣ್ಣೋ ಎಂದು ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಕಸಿ ಕಟ್ಟಿದ ಗಿಡ ನಾನು ನೋಡಿದ ತೋಟಗಳಲ್ಲಿ ಕಾಣಲಿಲ್ಲ. ಒಬ್ಬ ಮುದುಕರನ್ನು ಕೇಳಿದ್ದಕ್ಕೆ "ಪಾರಿವಾಳ ನೆಡುತ್ತದೆ, ನಾವು ಕಾಯುತ್ತೇವೆ" ಎಂದರು. ತಮಾಷೆಯಲ್ಲ. ಅಲ್ಲಿ ಒಂದು ಜಾತಿಯ ದೊಡ್ಡ ಪಾರಿವಾಳ ಪತ್ರೆಯ ಆಸೆಗೆ ಕಾಯಿಯನ್ನು ಇಡಿಯಾಗಿ ನುಂಗಿ ಬೇರೆಡೆ ಬೀಜ ಉದುರಿಸುತ್ತದೆ. ನಮ್ಮ ಕಾಡಿನಲ್ಲಿ ರಾಮಪತ್ರೆಗೆ ಮಂಗಟ್ಟೆ ಹಕ್ಕಿ ಮಾಡುವ ಕೆಲಸ.

ಕೊಯ್ಯುವ ಉಪಕರಣದ ಹೆಸರು ಗೈಗೈ. ನಮ್ಮ ದೋಟಿಯೇ, ಆದರೆ ತುದಿಯಲ್ಲಿ ಕೊಕ್ಕೆಯ ಬದಲು ಬಿದಿರಿನ ಪುಟ್ಟ ಬುಟ್ಟಿ. ಬುಟ್ಟಿಯ ಬಾಯಲ್ಲಿ ಎರಡು ಹಲ್ಲು. ಒಡೆದ ಕಾಯಿಯ ತೊಟ್ಟನ್ನು ಹಲ್ಲಿಗೆ ಸಿಕ್ಕಿಸಿ ಎಳೆದರೆ ಕಾಯಿ ಬುಟ್ಟಿಯೊಳಗೇ ಬೀಳುತ್ತದೆ. ನೆಲಕ್ಕೆ ಬೀಳುವುದಿಲ್ಲ, ಪತ್ರೆಗೆ ಮಣ್ಣು ತಾಗುವುದಿಲ್ಲ. ನಮ್ಮಲ್ಲಿ ನಾವು ಬಿದ್ದದ್ದನ್ನು ಹೆಕ್ಕುತ್ತೇವಲ್ಲ, ಅಲ್ಲಿಂದಲೇ ಬೂಸಲಿನ ಕತೆ ಆರಂಭ.

ಒಣಗಿಸುವ ವಿಷಯದಲ್ಲಿ ನಿಮಗೆ ಹೊಟ್ಟೆಕಿಚ್ಚಾಗಬಹುದು. ವರ್ಷವಿಡೀ ಸ್ವಲ್ಪ ಸ್ವಲ್ಪ ಕಾಯಿ ಸಿಗುತ್ತದೆ, ನಡುನಡುವೆ ಹೆಚ್ಚು. ಮಳೆಯೂ ನಮ್ಮ ಹಾಗೆ ನಾಲ್ಕು ತಿಂಗಳಿಗೆ ಗುತ್ತಿಗೆ ಹಿಡಿದು ಸುರಿಯುವುದಿಲ್ಲ. ಮೆಟ್ಟಿಲ ಮೇಲೆ, ಗೋಡೆಯ ಮೇಲೆ, ಮಸೀದಿಯ ಎದುರಿನ ಅಂಗಳದಲ್ಲಿ, ಟಾರ್ಪಾಲು ಹಾಸಿ ಎಲ್ಲೆಂದರಲ್ಲಿ ಪತ್ರೆ. ಹಸಿಯಾದಾಗ ಕುಂಕುಮದ ಕೆಂಪು, ಒಣಗುತ್ತ ಕಿತ್ತಳೆ. ಇಡೀ ಊರು ಜಾಯಿಕಾಯಿ ಹಾಕಿದ ಹೋಳಿಗೆಯ ಹೂರಣದಂತೆ ಪರಿಮಳಿಸುತ್ತದೆ. ಕಾಯಿಗೆ ಅವರ ಭಾಷೆಯಲ್ಲಿ ಪಾಲಾ, ಪತ್ರೆಗೆ ಫುಲಿ. ಫುಲಿ ಎಂಬ ಪದ ಡಚ್ಚರು ಬಿಟ್ಟು ಹೋದದ್ದು. ಅವರು ಬಿಟ್ಟು ಹೋದ ಒಳ್ಳೆಯ ವಸ್ತುಗಳ ಪಟ್ಟಿ ಚಿಕ್ಕದು.

ನಡುಗಡಲು (ಭಾನುವಾರ ರಾತ್ರಿ)

ಸರಕು ಹಡಗಿನ ಇಂಜಿನಿಯರ್ ನಾನು, ಹೊನ್ನಾವರದವನು. ಬಾಂಡಾ ಸಮುದ್ರವನ್ನು ಎರಡು ಸಲ ದಾಟಿದ್ದೇನೆ. ಆ ದ್ವೀಪಗಳ ಆಗ್ನೇಯಕ್ಕೆ ಸಮುದ್ರದ ಆಳ ಏಳು ಸಾವಿರ ಮೀಟರಿಗೂ ಹೆಚ್ಚು. ನಕ್ಷೆಯಲ್ಲಿ ಆ ಅಂಕಿ ನೋಡಿದಾಗ ಇಂಜಿನ್ ಕೋಣೆಯಲ್ಲಿ ನಿಂತಿದ್ದರೂ ಅಂಗಾಲು ಜುಮ್ಮೆನ್ನುತ್ತದೆ.

ಒಂದು ಮಾತು ಸೇರಿಸುತ್ತೇನೆ. ಇಂಜಿನ್ ಇಲ್ಲದ ಕಾಲದಲ್ಲಿ ಆ ದಿಕ್ಕಿನ ವ್ಯಾಪಾರವೆಲ್ಲ ಗಾಳಿಯ ಕೈಯಲ್ಲಿತ್ತು. ಪಡುಗಾಳಿಯಲ್ಲಿ ಬಾಂಡಾಕ್ಕೆ ಹೋಗುವುದು, ಮೂಡುಗಾಳಿ ತಿರುಗುವವರೆಗೆ ಅಲ್ಲೇ ಕಾಯುವುದು, ಮರಳುವುದು. ಬಾಂಡಾದಲ್ಲಿ ಭತ್ತ ಬೆಳೆಯುವುದಿಲ್ಲ. ಅಕ್ಕಿಯೂ ಸಾಗೊ ಹಿಟ್ಟೂ ಹೊರಗಿನಿಂದ ಬರಬೇಕು. ಅಕ್ಕಿಯ ಜೊತೆಗೆ ಹೋಗುತ್ತಿದ್ದದ್ದು ಬಟ್ಟೆ, ಅದರಲ್ಲೂ ನಮ್ಮ ಗುಜರಾತಿನ ಮತ್ತು ಕೋರಮಂಡಲ ಕರಾವಳಿಯ ನೇಯ್ಗೆ. ಆ ಬಟ್ಟೆ ಅಲ್ಲಿ ಹಣದಂತೆ ಚಲಾವಣೆಯಲ್ಲಿತ್ತು, ಕೊಟ್ಟರೆ ಜಾಯಿಕಾಯಿ. ಯುರೋಪಿನವರು ಬರುವ ಮೊದಲೇ ಏಷ್ಯಾದ ಜನ ತಮ್ಮ ತಮ್ಮಲ್ಲೇ ಈ ವ್ಯವಹಾರ ಮಾಡಿಕೊಂಡಿದ್ದರು. ಮೇಷ್ಟರು ಹೇಳಿದ "ಇಬ್ಬರೇ ವ್ಯಾಪಾರಿಗಳ ಕತೆ"ಗೆ ಇದನ್ನೂ ಸೇರಿಸಿಕೊಳ್ಳಿ.

ಸಾಣೆಕಲ್ಲು (ಸೋಮವಾರ ಬೆಳಿಗ್ಗೆ)

ಈ ಚರ್ಚೆ ಓದುತ್ತ ನನ್ನ ಅಜ್ಜಿಯ ಡಬ್ಬಿ ನೆನಪಾಯಿತು. ಬಾಣಂತಿ ಕೋಣೆಯಲ್ಲಿ ಮಗುವಿಗೆ ತೇಯ್ದು ನೆಕ್ಕಿಸುವ ಬಜೆ, ಅಳಲೆಕಾಯಿ, ಮಾಸಿಕಾಯಿಗಳ ಜೊತೆಗೆ ಒಂದು ಜಾಯಿಕಾಯಿ. ಒಂದೇ ಕಾಯಿ ನಾವು ಐದು ಮೊಮ್ಮಕ್ಕಳಿಗೂ ಸಾಕಾಯಿತು, ಒಂದು ಬದಿ ಮಾತ್ರ ಸವೆದಿತ್ತು. ಅಷ್ಟು ಸ್ವಲ್ಪ ಬಳಸುವ ವಸ್ತುವಿಗೆ ಅಷ್ಟೊಂದು ಜನ ಸತ್ತರೇ ಎಂದು ನಂಬುವುದು ಕಷ್ಟ. (ಈಗ ಮಕ್ಕಳ ವೈದ್ಯರು ಹಾಗೆ ತೇಯ್ದು ಕೊಡಬೇಡಿ ಎನ್ನುತ್ತಾರೆ, ಜಾಯಿಕಾಯಿ ಹೆಚ್ಚಾದರೆ ವಿಷ. ಯಾರೂ ನನ್ನ ಮಾತು ಕೇಳಿ ಡಬ್ಬಿ ತೆಗೆಯಬೇಡಿ.)

ನನ್ನ ಪ್ರಶ್ನೆ ಅಡುಗೆಯದು. ನಮ್ಮಲ್ಲಿ ಮೇಲಿನ ದಪ್ಪ ಸಿಪ್ಪೆಯನ್ನು ಕೆಲವರು ಉಪ್ಪಿನಕಾಯಿ ಹಾಕುತ್ತಾರೆ, ಹೆಚ್ಚಿನವರು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಅಲ್ಲಿ ಏನು ಮಾಡುತ್ತಾರೆ? ಇನ್ನೊಂದು: ಹೆಂಗಸರ ದಿನ ಹೇಗೆ ಸಾಗುತ್ತದೆ? ನೀರಿನ ಲೆಕ್ಕ ಇಟ್ಟುಕೊಳ್ಳುವವರು ಅವರೇ ಇರಬೇಕು.

ಹೊಳೆಬದಿ (ಸೋಮವಾರ ರಾತ್ರಿ)

ಅಕ್ಕ, ಸಿಪ್ಪೆ ಎಸೆಯುವವರನ್ನು ಕಂಡರೆ ಇಬು ಬೈಯುತ್ತಿದ್ದರೇನೋ. ಸಕ್ಕರೆಯಲ್ಲಿ ಊರಿಸಿ ಬಿಸಿಲಿಗಿಟ್ಟು ಮಾಡಿದ ಮನಿಸಾನ್ ಎಂಬ ಮಿಠಾಯಿ, ಜಾಮ್, ಶರಬತ್ತು ಇವೆಲ್ಲ ಸಿಪ್ಪೆಯಿಂದಲೇ. ಮೀನಿನ ಸಾರಿಗೂ ಹುಳಿಯ ಬದಲು ಅದನ್ನೇ ಹೆಚ್ಚಿ ಹಾಕುತ್ತಾರಂತೆ, ನಾನು ಮೀನು ತಿನ್ನುವುದಿಲ್ಲವಾದ್ದರಿಂದ ರುಚಿ ಹೇಳಲಾರೆ. ಮೀನು ತಿನ್ನದವನು ಅಂಥ ದ್ವೀಪಕ್ಕೆ ಏಕೆ ಬಂದ ಎಂಬ ಪ್ರಶ್ನೆ ಆ ಮನೆಯಲ್ಲಿ ನಾಲ್ಕು ದಿನವೂ ಗಾಳಿಯಲ್ಲಿ ತೇಲುತ್ತಿತ್ತು. ನನ್ನ ಪುಣ್ಯಕ್ಕೆ ಕೆನಾರಿ ಇತ್ತು.

ಹೆಂಗಸರ ದಿನ ತೊಟ್ಟಿಯಿಂದಲೇ ಶುರು. ಬೆಳಿಗ್ಗೆ ಎದ್ದವರು ಮೊದಲು ಆಕಾಶ ನೋಡುತ್ತಾರೆ, ಆಮೇಲೆ ತೊಟ್ಟಿ. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಗಿಡಕ್ಕೆ. ಬೆಳಗಿನ ಕೆಲಸ ಮುಗಿದ ಮೇಲೆ ಗಂಡಸರು ಸಮುದ್ರಕ್ಕೆ ಹೋಗಿದ್ದರೆ ತೋಟಕ್ಕೆ ಹೋಗುವವರೂ ಇವರೇ. ಕಾಯಿ ಒಡೆದು ಪತ್ರೆ ಬಿಡಿಸುವುದು ಸಂಜೆಯ ಜಗಲಿ ಕೆಲಸ. ನಮ್ಮಲ್ಲಿ ಅಡಿಕೆ ಸುಲಿಯುವ ಕೂಟದ ಹಾಗೆಯೇ, ಕೈ ಅದರ ಪಾಡಿಗೆ ಅದು, ಬಾಯಿ ಅದರ ಪಾಡಿಗೆ ಅದು. ಪತ್ರೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸುವುದೇ ಜಾಣತನ. ನಾನು ಬಿಡಿಸಿದ ಐದರಲ್ಲಿ ನಾಲ್ಕು ಹರಿದವು. ನನ್ನ ಪಕ್ಕದಲ್ಲಿದ್ದ ಏಳೆಂಟು ವರ್ಷದ ಹುಡುಗಿ ನನ್ನ ರಾಶಿಯನ್ನು ಮೆಲ್ಲನೆ ಬೇರೆ ಇಟ್ಟಳು.

ದರ ಕೇಳಬಹುದು ನೀವು. ಮಾಲು ನೈರಾದ ಅಂಗಡಿಗೆ, ಅಲ್ಲಿಂದ ಆಂಬೊನ್‌ಗೆ ಅಥವಾ ಸುರಬಾಯಾಕ್ಕೆ. ದರ ಹೇಳುವವರು ಅಲ್ಲಿದ್ದಾರೆ, ಕೇಳಿಕೊಳ್ಳುವವರು ಇಲ್ಲಿ. ಮಂಡಿಯ ಎದುರು ಮೂಟೆ ಇಳಿಸಿ ನಿಂತ ಅಪ್ಪನ ಮುಖ ನೆನಪಾಯಿತು.

ಹಳೆಪಟ (ಮಂಗಳವಾರ ಬೆಳಿಗ್ಗೆ)

ಸಾಣೆಕಲ್ಲು ಅವರು "ಅಷ್ಟೊಂದು ಜನ ಸತ್ತರೇ" ಎಂದರು. ಅದನ್ನು ಸ್ವಲ್ಪ ಹೇಳಲೇಬೇಕು, ಇಲ್ಲವಾದರೆ ನಾವೂ ಬರೀ ಪರಿಮಳದ ಬಗ್ಗೆ ಬರೆದಂತಾಗುತ್ತದೆ.

1616ರ ಡಿಸೆಂಬರಿನಲ್ಲಿ ನಥಾನಿಯಲ್ ಕೋರ್ಟ್‌ಹೋಪ್ ಎಂಬ ಇಂಗ್ಲಿಷ್ ವ್ಯಾಪಾರಿ ಎರಡು ಹಡಗುಗಳೊಂದಿಗೆ ರೂನ್‌ಗೆ ಬಂದ. ಅದೇ ವರ್ಷ ಪಕ್ಕದ ಆಯ್ ದ್ವೀಪವನ್ನು ಡಚ್ಚರು ಬಡಿದು ವಶಪಡಿಸಿಕೊಂಡಿದ್ದರು. ಹೆದರಿದ ರೂನಿನ ಹಿರಿಯರು ಇಂಗ್ಲಿಷರ ಆಶ್ರಯ ಬೇಡಿದರು. ಕೋರ್ಟ್‌ಹೋಪ್ ಸುಮಾರು ನಾಲ್ಕು ವರ್ಷ ಬೆರಳೆಣಿಕೆಯ ಜನರೊಂದಿಗೆ ದಿಗ್ಬಂಧನದಲ್ಲಿ ಕುಳಿತ. ಕುಡಿಯಲು ಮಳೆನೀರು, ಅದೂ ಹುಳ ಬಿದ್ದದ್ದು. ಹೊಳೆಬದಿಯವರು ಚೊಂಬು ಚೊಂಬಾಗಿ ಸುರಿದುಕೊಂಡರಲ್ಲ, ಅದೇ ತೊಟ್ಟಿಯ ನೀರಿನ ಪೂರ್ವಜ. 1620ರ ಅಕ್ಟೋಬರಿನಲ್ಲಿ ದೋಣಿಯಲ್ಲಿ ಹೋಗುತ್ತಿದ್ದಾಗ ಡಚ್ಚರು ಅವನನ್ನು ಕೊಂದರು. ಇಂಗ್ಲಿಷರು ಇವನನ್ನು ವೀರನೆಂದು ಕೊಂಡಾಡುತ್ತಾರೆ. ಆ ನಾಲ್ಕು ವರ್ಷ ಅವನ ಜೊತೆಗೆ ಹಸಿದಿದ್ದ ರೂನಿನ ಜನರ ಹೆಸರು ಯಾರಿಗೂ ನೆನಪಿಲ್ಲ.

ಮರುವರ್ಷ, 1621ರಲ್ಲಿ, ಬಟಾವಿಯಾದಿಂದ (ಇಂದಿನ ಜಕಾರ್ತಾ) ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ದೊಡ್ಡ ಸೈನ್ಯದೊಂದಿಗೆ ಬಾಂಡಾಕ್ಕೆ ಬಂದ. ಬಾಂಡಾದಲ್ಲಿ ರಾಜರಿರಲಿಲ್ಲ. ಊರುಗಳನ್ನು ನಡೆಸುತ್ತಿದ್ದವರು ಒರಾಂಗ್ ಕಾಯಾ ಎಂಬ ಹಿರಿಯರು. ಅವರಲ್ಲಿ 44 ಜನರನ್ನು ನೈರಾದ ಕೋಟೆಯ ಹೊರಗೆ ಬಿದಿರಿನ ಆವರಣದೊಳಗೆ ಕೂಡಿಹಾಕಿ, ಬಾಡಿಗೆಗೆ ತಂದಿದ್ದ ಜಪಾನಿ ಸೈನಿಕರಿಂದ ತಲೆ ಕಡಿಸಿದ. ಉಳಿದವರಲ್ಲಿ ಕೆಲವರು ಹಸಿವಿನಿಂದ ಸತ್ತರು, ಕೆಲವರು ಬಂಡೆಯಿಂದ ಧುಮುಕಿದರು, ಕೆಲವರನ್ನು ಗುಲಾಮರಾಗಿ ಬಟಾವಿಯಾಕ್ಕೆ ಒಯ್ದರು. ಸುಮಾರು 15 ಸಾವಿರ ಇದ್ದ ಜನ ಒಂದು ಸಾವಿರಕ್ಕೆ ಇಳಿದರು ಎಂಬುದು ಇತಿಹಾಸಕಾರರ ಅಂದಾಜು.

ಆಮೇಲೆ ತೋಟಗಳನ್ನು 68 ತುಂಡು ಮಾಡಿ ಡಚ್ಚರಿಗೆ ಹಂಚಿದರು. ಲೊಂಟಾರ್ ದ್ವೀಪದಲ್ಲಿ 34, ಆಯ್‌ನಲ್ಲಿ 31, ನೈರಾದಲ್ಲಿ 3. ಲೆಕ್ಕ ಕೂಡಿಸಿ ನೋಡಿ, ರೂನಿನ ಪಾಲಿಗೆ ಸೊನ್ನೆ. ಇಂಗ್ಲಿಷರು ಮರಳಿ ಬಂದರೂ ಏನೂ ಸಿಗಬಾರದೆಂದು ರೂನಿನ ಜಾಯಿಕಾಯಿ ಮರಗಳನ್ನೇ ಕಡಿದು ಹಾಕಿದ್ದರು. ಅಂದರೆ ಬ್ರೆಡಾದಲ್ಲಿ ಮ್ಯಾನ್‌ಹಟನ್‌ಗೆ ಸಾಟಿಯಾದದ್ದು ತೋಟವಲ್ಲ, ಬೋಳು ದ್ವೀಪ.

ಕಸಿಕತ್ತಿ (ಮಂಗಳವಾರ ಬೆಳಿಗ್ಗೆ)

ಮರ ಕಡಿದರೇ? ಫಲ ಬಿಡುವ ಮರವನ್ನೇ? ಒಂದು ಜಾಯಿಕಾಯಿ ಗಿಡ ಕೈಗೆ ಬರಬೇಕಾದರೆ ಏಳೆಂಟು ವರ್ಷ ಬೇಕು ಮಾರಾಯರೇ. ಜನರನ್ನು ಕೊಂದದ್ದು ಓದಿ ಸುಮ್ಮನೆ ಕುಳಿತಿದ್ದವನು ಇದನ್ನು ಓದಿ ಎದ್ದು ಅಂಗಳದಲ್ಲಿ ತಿರುಗಾಡಿ ಬಂದೆ. ಇದು ಸರಿಯಾದ ಮನಸ್ಸಲ್ಲ ಎಂದು ಗೊತ್ತು, ಆದರೆ ಇದ್ದದ್ದನ್ನು ಹೇಳಿದೆ.

ಕಿಟಕಿಬಾಗಿಲು (ಮಂಗಳವಾರ ಮಧ್ಯಾಹ್ನ)

ಹಾಗಾದರೆ ಈಗ ರೂನಿನಲ್ಲಿ ಇರುವವರು ಯಾರು? ಮೂಲದವರು ಉಳಿದೇ ಇಲ್ಲವೇ?

ಹೊಳೆಬದಿ (ಮಂಗಳವಾರ ರಾತ್ರಿ)

ನಾನು ಬರೆಯಬೇಕೆಂದು ಹೊರಟದ್ದೇ ಇದನ್ನು. ನೀರು, ಗೈಗೈ, ಮಿಠಾಯಿ ಎನ್ನುತ್ತ ದಾರಿ ತಪ್ಪಿತು.

ಇಬುವಿನ ಮನೆಯವರನ್ನು ಕೇಳಿದೆ. ಗಂಡನ ಕಡೆಯವರು ಸುಲಾವೆಸಿಯ ಪಕ್ಕದ ಬುಟೊನ್ ದ್ವೀಪದವರು, ಇಬುವಿನ ಅಜ್ಜ ಜಾವಾದವರು. ಬಾಂಡಾದ ಹೆಚ್ಚಿನ ಮನೆಗಳ ಕತೆ ಹೀಗೆಯೇ. ತೋಟದ ಕೆಲಸಕ್ಕೆಂದು ಡಚ್ಚರು ತಂದ ಗುಲಾಮರು, ಆಮೇಲೆ ಕೂಲಿಗಳು, ಕೈದಿಗಳು, ವ್ಯಾಪಾರಕ್ಕೆ ಬಂದವರು ಎಲ್ಲರೂ ಬೆರೆತು ಆದ ಜನ. ಅವರಾಡುವುದು ಅಲ್ಲಿನದೇ ಒಂದು ಬಗೆಯ ಮಲಯ.

ಹಾಗಾದರೆ ಬಾಂಡಾದ ಹಳೆಯ ಭಾಷೆ? ಅದು ಸತ್ತಿಲ್ಲ. 1621ರಲ್ಲಿ ದೋಣಿ ಹತ್ತಿ ತಪ್ಪಿಸಿಕೊಂಡವರು ಪೂರ್ವದ ಕೈ ದ್ವೀಪಗಳಿಗೆ ಹೋಗಿ ನೆಲೆಸಿದರು. ಕೈ ಬೆಸಾರ್ ಎಂಬ ದ್ವೀಪದಲ್ಲಿ ಬಾಂಡಾ ಎಲಿ, ಬಾಂಡಾ ಎಲಾತ್ ಎಂಬ ಎರಡು ಊರುಗಳಿವೆ. ಬಾಂಡಾದ ಭಾಷೆಯನ್ನು ಇಂದಿಗೂ ಆಡುವವರು ಅಲ್ಲಿದ್ದಾರೆ, ಬಾಂಡಾದಲ್ಲಿಲ್ಲ. ಹೆಸರು, ಹಾಡು, ಭಾಷೆ ಒಂದು ಕಡೆ, ಮಣ್ಣು ಮತ್ತು ಮರ ಇನ್ನೊಂದು ಕಡೆ. ಶರಾವತಿಯಲ್ಲಿ ಮುಳುಗಿದ ಊರುಗಳ ಜನರನ್ನು ಬಲ್ಲವರಿಗೆ ಊರು ಬಿಟ್ಟ ಮೇಲೂ ಊರಿನ ಹೆಸರನ್ನು ಹೊತ್ತುಕೊಂಡು ಬದುಕುವುದು ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಇವರು ನಾನೂರು ವರ್ಷದಿಂದ ಹೊತ್ತಿದ್ದಾರೆ.

ರೂನಿನ ಈಗಿನವರು "ಹೊರಗಿನವರು" ಎಂದು ಬರೆದುಬಿಡುವುದೂ ಸರಿಯಲ್ಲ. ಕಡಿದ ದ್ವೀಪದಲ್ಲಿ ಮತ್ತೆ ಜಾಯಿಕಾಯಿ ಎದ್ದದ್ದು ಇವರ ಹಿರಿಯರ ಕಾಲದಲ್ಲಿ. ಗೈಗೈ ಹಿಡಿಯುವುದು, ಕೆನಾರಿ ಉಳಿಸಿಕೊಳ್ಳುವುದು, ತೊಟ್ಟಿ ಕಾಯುವುದು ಎಲ್ಲವನ್ನೂ ತಮ್ಮದು ಮಾಡಿಕೊಂಡಿದ್ದಾರೆ. ಮಲುಕು ಪ್ರಾಂತದ ಊರುಗಳಲ್ಲಿ ಸಾಸಿ ಎಂಬ ಕಟ್ಟಳೆಯೂ ಇದೆ: ಇಷ್ಟು ದಿನ ಇಂಥ ಫಲವನ್ನು, ಇಂಥ ಕಡಲ ಜಾಗದ ಮೀನನ್ನು ಯಾರೂ ಮುಟ್ಟುವಂತಿಲ್ಲ ಎಂದು ಊರೇ ಬಾಗಿಲು ಹಾಕುವುದು.

ನೈರಾದಲ್ಲಿ ಕೊಲೆಯಾದ ಹಿರಿಯರ ಹೆಸರುಗಳನ್ನು ಬರೆದ ಸ್ಮಾರಕವೊಂದಿದೆ, ಒಂದು ಬಾವಿಯ ಬಳಿ. ನಾನು ಹೋದಾಗ ಅಲ್ಲಿ ಮಕ್ಕಳು ಆಡುತ್ತಿದ್ದರು.

ನಡುಗಡಲು (ಬುಧವಾರ)

ಕೂನ್‌ನ ಪ್ರತಿಮೆ ನೆದರ್ಲೆಂಡ್ಸಿನ ಹೋರ್ನ್ ಪಟ್ಟಣದಲ್ಲಿ ಇನ್ನೂ ನಿಂತಿದೆ, 1893ರಿಂದ. ಅದನ್ನು ತೆಗೆಯಬೇಕೆಂದು ಅಲ್ಲಿನ ಜನರೇ ಜಗಳವಾಡುತ್ತಾರೆ. ಹಡಗು ಹೋಗಿದ್ದಾಗ ಒಬ್ಬ ಡಚ್ ಸಹೋದ್ಯೋಗಿ ಹೇಳಿದ.

ಅಂದ ಹಾಗೆ ಈ ಏಕಸ್ವಾಮ್ಯವನ್ನು ಮುರಿದದ್ದು ಕತ್ತಿಯಲ್ಲ, ಸಸಿ. ಹದಿನೆಂಟನೆಯ ಶತಮಾನದಲ್ಲಿ ಪಿಯೆರ್ ಪೊಯಿವ್ರ್ ಎಂಬ ಫ್ರೆಂಚನು ಕದ್ದು ಮಾರಿಷಸ್‌ಗೆ ಸಸಿ ತರಿಸಿದ. 1796ರಲ್ಲಿ ಮತ್ತು ಮತ್ತೆ 1810ರಲ್ಲಿ ಬಾಂಡಾವನ್ನು ಹಿಡಿದ ಬ್ರಿಟಿಷರು ಪೆನಾಂಗ್, ಶ್ರೀಲಂಕಾಗಳಿಗೆಲ್ಲ ಒಯ್ದು ನೆಟ್ಟರು. ಈಗ ಕೆರಿಬಿಯನ್‌ನ ಗ್ರೆನಡಾ ದೇಶದ ಬಾವುಟದಲ್ಲೇ ಜಾಯಿಕಾಯಿ ಇದೆ. ಕಸಿಕತ್ತಿಯವರ ತೋಟಕ್ಕೆ ಬಂದದ್ದೂ ಆ ಸಂತತಿಯೇ ಇರಬೇಕು.

ಕಸಿಕತ್ತಿ (ಹದಿನೈದು ದಿನದ ನಂತರ)

ಚರ್ಚೆ ತಣ್ಣಗಾಗಿದೆ, ಆದರೂ ವರದಿ ಒಪ್ಪಿಸುತ್ತೇನೆ. ಹೊಳೆಬದಿ ಕಳಿಸಿದ ಚಿತ್ರ ನೋಡಿ ನಾನೊಂದು ಗೈಗೈ ಮಾಡಿದೆ. ಬಿದಿರಿನ ದಬ್ಬೆ ಸೀಳಿ ಬುಟ್ಟಿ ಹೆಣೆದು ಹಳೆಯ ದೋಟಿಗೆ ಕಟ್ಟಿದ್ದು. ಮೊದಲ ದಿನ ಕಾಯಿ ಬುಟ್ಟಿಯ ಬದಲು ನನ್ನ ಹಣೆಗೆ ಬಿತ್ತು. ಹಲ್ಲುಗಳ ನಡುವಿನ ಸಂದು ದೊಡ್ಡದಾಗಿತ್ತು. ಎರಡನೆಯ ಸಲ ಕಿರುಬೆರಳಷ್ಟು ಸಂದು ಬಿಟ್ಟೆ, ಆಗ ಸರಿಯಾಯಿತು. ಇಪ್ಪತ್ತು ಕಾಯಿಯಲ್ಲಿ ಹದಿನಾರು ಬುಟ್ಟಿಗೆ. ಪತ್ರೆ ನೆಲ ಕಂಡಿಲ್ಲ, ಬಣ್ಣ ನೋಡಿ ನಮ್ಮ ಮನೆಯವಳು "ಇದು ಪೇಟೆಯಿಂದ ತಂದದ್ದೇ?" ಎಂದು ಕೇಳಿದಳು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮಾತ್ರ ನಗುತ್ತಿದ್ದಾನೆ.

ತಮ್ಮ, ನಿನ್ನ ಅಪ್ಪನವರು ಇದನ್ನೆಲ್ಲ ಓದಿ ಏನು ಹೇಳಿದರು?

ಹೊಳೆಬದಿ (ಅದೇ ದಿನ ರಾತ್ರಿ)

ನಾನು ಫೋನಿನಲ್ಲಿ ಒಂದು ಗಂಟೆ ಎಲ್ಲ ಹೇಳಿದೆ. ಬ್ರೆಡಾ, ಕೂನ್, ಬಾಂಡಾ ಎಲಿ, ತೊಟ್ಟಿ, ಎಲ್ಲ. ಅಪ್ಪ ಹೂಂಗುಟ್ಟುತ್ತ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಅಲ್ಲಿ ಮಂಗನ ಕಾಟ ಹೇಗಿದೆ?"

ನಾನು ಅಲ್ಲಿ ಒಂದೂ ಮಂಗ ನೋಡಲಿಲ್ಲ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಕಸಿಕತ್ತಿ (ಅದೇ ದಿನ ರಾತ್ರಿ)

ಮಂಗ ಇಲ್ಲವೇ? ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತಲ್ಲೋ ತಮ್ಮ.